ಎಂಟನೇ ಅಂತಸ್ತಿನ ಹಳದಿ ಕೆಸರು

ಸೋಪಕ್ಕ ಬೆಳ್ಳಿ ಗಣಿಯೊಳಕ್ಕೆ ಇಳಿದದ್ದು ಇಡೀ ಜೀವಮಾನದಲ್ಲಿ ಒಂದೇ ಒಂದು ಸಲ. ಆದರೂ ನೆಲದಡಿಯ ಹನ್ನೆರಡು ಅಂತಸ್ತುಗಳಲ್ಲಿ ಎಲ್ಲಿ ಎಂಥ ಕಲ್ಲಿದೆ ಎಂದು ಅವಳಿಗೆ ತಿಳಿದಿದ್ದಷ್ಟು ಅಲ್ಲಿ ದಿನಾ ಇಳಿಯುತ್ತಿದ್ದ ಎಷ್ಟೋ ಜನಕ್ಕೆ ತಿಳಿದಿರಲಿಲ್ಲ. ಅವಳ ಕೆಲಸ ಗಣಿಯವರ ಬಟ್ಟೆ ಒಗೆಯುವುದು.

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ರಜೆಯ ದಿನವೂ ಅವಳ ಕೈ ಸೋಪಿನ ವಾಸನೆ ಬಿಡುತ್ತಿರಲಿಲ್ಲವಾದ್ದರಿಂದ ಗಣಿಯವರು ಸೋಪಕ್ಕ ಎಂದರು, ಅದೇ ನಿಂತಿತು. ಗಂಡ ಕಲ್ಲಿಗೆ ಡ್ರಿಲ್ಲು ಹಿಡಿಯುವವನು. ಕಲ್ಲಿನ ಧೂಳು ಎದೆಯಲ್ಲಿ ಕೂತು, ಕೊನೆಯ ಎರಡು ವರ್ಷ ಮೆಟ್ಟಿಲು ಹತ್ತಲೂ ಆಗದೆ ನರಳಿ ತೀರಿಹೋದ. ಆಗ ಮಗಳಿಗೆ ಆರು ವರ್ಷ. ಗಣಿಯವರು ಸೋಪಕ್ಕನಿಗೆ ಲಾಂಡ್ರಿಯಲ್ಲಿ ಕೆಲಸ ಕೊಟ್ಟರು. ಬೇಕೋ ಬೇಡವೋ ಎಂದು ಯೋಚಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ, ಮಾರನೆಯ ದಿನವೇ ಹೋದಳು.

ಲಾಂಡ್ರಿ ಎಂದರೆ ಬಟ್ಟೆ ಬದಲಿಸುವ ಹಾಲಿನ ಹಿಂದಿನ ಉದ್ದನೆಯ ಕೋಣೆ. ಎರಡು ಬಾಯ್ಲರು, ನಾಲ್ಕು ಸಿಮೆಂಟಿನ ತೊಟ್ಟಿ, ಬಟ್ಟೆ ಹಿಂಡಲು ಕೈಯಲ್ಲಿ ತಿರುಗಿಸುವ ಜೋಡಿ ಉರುಳೆ, ಸೂರಿನುದ್ದಕ್ಕೂ ಒಣಹಾಕುವ ಕಬ್ಬಿಣದ ಸರಳುಗಳು. ಪಾಳಿ ಮುಗಿಸಿ ಮೇಲೆ ಬಂದವರು ಮೈಮೇಲಿನ ಬಟ್ಟೆ ಕಳಚಿ, ಗಂಟು ಕಟ್ಟಿ, ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ಸಿಕ್ಕಿಸಿ ಗೋಡೆಯ ಕಿಂಡಿಯಿಂದ ಒಳಕ್ಕೆ ಎಸೆಯುತ್ತಿದ್ದರು. ಬೆಸ ನಂಬರು ಸೋಪಕ್ಕನಿಗೆ. ಸಮ ನಂಬರು ಅವಳ ಜೊತೆಗಾತಿಗೆ. ಆಕೆ ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಅವಳ ಹೆಸರು ರೇಡಿಯೋ.

ರೇಡಿಯೋಗೆ ಕೊಳೆ ಎಂದರೆ ಕೊಳೆ, ಅಷ್ಟೆ. ಸೋಪಕ್ಕನಿಗೆ ಹಾಗಲ್ಲ. ಒಂದೊಂದು ಕೆಸರಿಗೂ ಒಂದೊಂದು ಉಪಾಯ ಬೇಕೆಂದು ಅವಳು ಮೊದಲ ವರ್ಷವೇ ಕಂಡುಕೊಂಡಳು. ಏಳು, ಎಂಟು, ಒಂಬತ್ತನೇ ಅಂತಸ್ತಿನವರ ಬಟ್ಟೆಯಲ್ಲಿ ಒದ್ದೆ ಬೂದಿಯಂಥ ಮಣ್ಣು. ತಣ್ಣೀರಲ್ಲಿ ಜಾಡಿಸಿದರೆ ಹೋಗುತ್ತದೆ. ಹನ್ನೊಂದು, ಹನ್ನೆರಡರದ್ದು ನೀಲಿ ಛಾಯೆಯ ಜಿಗುಟು ಜೇಡಿ, ಒಣಗಿಸಿ ಬ್ರಷ್ಷಿನಲ್ಲಿ ಉದುರಿಸಿದ ಮೇಲೆಯೇ ನೀರು ಮುಟ್ಟಿಸಬೇಕು. ಐದು, ಆರರದ್ದು ಮಸಿಯಂಥ ಕರಿ ಪುಡಿ. ಅದರ ನೀರನ್ನು ಚರಂಡಿಗೆ ಬಿಡುವ ಹಾಗಿಲ್ಲ, ಯಾಕೆಂದರೆ ಆ ಮಸಿಯಲ್ಲೇ ಬೆಳ್ಳಿ. ಇನ್ನು ಎಲ್ಲಕ್ಕಿಂತ ಮೇಲಿನ ಮೂರು ಅಂತಸ್ತಿನ ಹಳದಿ ಕೆಸರು. ಅದರಷ್ಟು ಹಟಮಾರಿ ಬೇರೊಂದಿಲ್ಲ. ಸೋಡಾ ಹಾಕಿ ಕುದಿಸಿದರೂ ತುಕ್ಕಿನ ಕಲೆ ಉಳಿಯುತ್ತದೆ, ಜೊತೆಗೆ ಅಲ್ಲಿಯ ಹುಳಿ ನೀರು ಎರಡೇ ತಿಂಗಳಲ್ಲಿ ಬಟ್ಟೆಯನ್ನು ಜರಡಿ ಮಾಡುತ್ತದೆ.

ಇದಕ್ಕೆಲ್ಲ ಕಾರಣ ಏನೆಂದು ಹೇಳಿಕೊಟ್ಟವನು ಗಣಿಯ ಭೂವಿಜ್ಞಾನಿ. ಎಲ್ಲರ ಬಾಯಲ್ಲಿ ಅವನು ಕಲ್ಲುಮೇಷ್ಟ್ರು. ಚಹಾಕ್ಕೆ ಬಾಯ್ಲರಿನ ಬಿಸಿನೀರು ಕೇಳಿಕೊಂಡು ದಿನಾ ಬೆಳಿಗ್ಗೆ ಲಾಂಡ್ರಿಗೆ ಬರುತ್ತಿದ್ದ. ಬಂದರೆ ಬಾಯಿಗೆ ಬಿಡುವಿಲ್ಲ. ಬಹಳ ಬಹಳ ಹಿಂದೆ ನೆಲದಾಳದ ಕುದಿನೀರು ಬಂಡೆಯ ಬಿರುಕಿನಲ್ಲಿ ಮೇಲಕ್ಕೇರಿ ಬಂತಂತೆ. ತಾನು ಕರಗಿಸಿಕೊಂಡು ತಂದದ್ದನ್ನೆಲ್ಲ ಆ ಬಿರುಕಿನ ಗೋಡೆಗೆ ಮೆತ್ತಿ ಹೋಯಿತಂತೆ. ಅದೇ ಅದಿರಿನ ಎಳೆ. ಆಮೇಲೆ ಮಳೆ ಗಾಳಿ ತಾಗಿ ಎಳೆಯ ಮೇಲ್ಭಾಗ ತುಕ್ಕು ಹಿಡಿದು ಹಳದಿಯಾಯಿತು. ಅಲ್ಲಿದ್ದ ಬೆಳ್ಳಿಯನ್ನು ಮಳೆನೀರು ಕೆಳಕ್ಕೆ ಇಳಿಸಿಕೊಂಡು ಹೋಗಿ ನಡುವಿನ ಅಂತಸ್ತುಗಳಲ್ಲಿ ರಾಶಿ ಹಾಕಿತು.

"ಒದ್ದೆ ಬಟ್ಟೆ ನೇತುಹಾಕಿದ್ರೆ ಕೊಳೆಯೆಲ್ಲ ಇಳಿದು ಕೆಳಗಿನ ಅಂಚಲ್ಲಿ ಗೆರೆ ಕಟ್ಟುತ್ತಲ್ಲ, ಹಾಗೆ ತಾನೆ?" ಎಂದು ಸೋಪಕ್ಕ ಕೇಳಿದಳು.

ಮೇಷ್ಟ್ರು ಲೋಟ ಕೆಳಗಿಟ್ಟ. "ನಾಲ್ಕು ವರ್ಷ ಕಾಲೇಜಲ್ಲಿ ಕೂತು ಕಲಿತದ್ದು ಕಣಮ್ಮ ನಾನು ಇದನ್ನ."

ಆ ಮೇಲಿನ ಮೂರು ಅಂತಸ್ತು ಈಗಿನವರು ತೋಡಿದ್ದಲ್ಲ. ಮುನ್ನೂರು ವರ್ಷದ ಹಿಂದೆ ಯಾರೋ ಉಳಿ, ಸುತ್ತಿಗೆ, ಬೆಂಕಿ ಇಟ್ಟುಕೊಂಡು ತೋಡಿದ್ದರು. ಗಣಿಯವರು ಅವರನ್ನು 'ಹಳಬರು' ಎನ್ನುತ್ತಿದ್ದರು. ಹಳಬರು ನಾಲ್ಕನೇ ಅಂತಸ್ತಿನ ಆಳ ಮುಟ್ಟುವಷ್ಟರಲ್ಲಿ ನೀರು ತಡೆಯಲಾರದೆ ಕೈಬಿಟ್ಟರು ಎಂದು ಕಚೇರಿಯ ಹಳೆಯ ಕಾಗದದಲ್ಲಿ ಬರೆದಿತ್ತು. ಅವರ ಸುರಂಗಗಳು ಕುಸಿಯುವ ಹಾಗಿದ್ದುದರಿಂದ ಗಣಿಯವರು ಆ ಮೂರು ಅಂತಸ್ತಿನ ಕೆಲಸ ನಿಲ್ಲಿಸಿ, ಕಬ್ಬಿಣದ ಬಾಗಿಲು ಹಾಕಿ ಬೀಗ ಜಡಿದಿದ್ದರು. ಹಾಗಿದ್ದರೂ ಒಮ್ಮೆ ಐದು ಜನ ಬಾಗಿಲು ಮೀಟಿ ಒಳಗೆ ತೆವಳಿ, ಹಳಬರು ಬಿಟ್ಟುಹೋದ ಬೆಳ್ಳಿಯ ಚೂರುಗಳನ್ನು ಕಿತ್ತು ತರುವಾಗ ಸಿಕ್ಕಿಬಿದ್ದರು. ಐವರನ್ನೂ ಕೆಲಸದಿಂದ ತೆಗೆದರು, ಮನೆ ಖಾಲಿ ಮಾಡಿಸಿದರು. ಆ ಐವರಲ್ಲಿ ಒಬ್ಬ ಸೋಪಕ್ಕನ ಸ್ವಂತ ಅಣ್ಣ. ಊರು ಬಿಟ್ಟು ಹೋದವನು ಮತ್ತೆ ಮುಖ ತೋರಿಸಲಿಲ್ಲ. ಅವನ ಬಟ್ಟೆಯ ಹಳದಿ ಕೆಸರನ್ನು ಅವತ್ತು ಒಗೆದವಳೂ ಅವಳೇ. ನೋಡಿಯೂ ಸುಮ್ಮನಿದ್ದೆನಲ್ಲ ಎಂಬ ಕೊರಗು ಒಳಗೊಳಗೇ ಇತ್ತು.

ಮಗಳು ಬೆಳೆದಳು, ಗಣಿಯವನನ್ನೇ ಮದುವೆಯಾದಳು. ಅಳಿಯ ಮಾತು ಕಡಿಮೆ, ಕೆಲಸ ಚುರುಕು. ನಂಬರು ಇನ್ನೂರ ಹದಿಮೂರು. ಎಂಟನೇ ಅಂತಸ್ತಿನ ಉತ್ತರಕ್ಕೆ, ಪಕ್ಕದ ಎಳೆಯೊಂದನ್ನು ಹುಡುಕಿಕೊಂಡು ತೋಡುತ್ತಿದ್ದ ಹೊಸ ಸುರಂಗದಲ್ಲಿ ಅವನಿಗೆ ಕೆಲಸ. ಸೋಪಕ್ಕ ಲಾಂಡ್ರಿ ಸೇರಿ ಹತ್ತೊಂಬತ್ತು ವರ್ಷವಾಗಿತ್ತು, ಮಗಳು ಆರು ತಿಂಗಳ ಬಸುರಿ. ಹಾಗಿರುವಾಗ ಒಂದು ಸೋಮವಾರ ಮಧ್ಯಾಹ್ನ ಇನ್ನೂರ ಹದಿಮೂರರ ಗಂಟು ಬಿಚ್ಚಿದಳು. ಬೂದು ಅಂಗಿಯ ಮೇಲೆ ಅಂಗೈಯಗಲ ಹಳದಿ.

ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದಳು. ರೇಡಿಯೋ ತನ್ನ ನಾದಿನಿಯ ಕಥೆ ಹೇಳುತ್ತ ಆ ಕಡೆ ತಿರುಗಿದ್ದಳು. ಸೋಪಕ್ಕ ಆ ಅಂಗಿಯನ್ನು ಸೀದಾ ನೀರಿನ ತಳಕ್ಕೆ ಒತ್ತಿದಳು.

ಮಂಗಳವಾರ ಹಳದಿ ಇನ್ನಷ್ಟು ದೊಡ್ಡದಾಗಿತ್ತು. ಬುಧವಾರ ಟೊಪ್ಪಿಗೆಯ ಬಟ್ಟೆಗೂ ಹತ್ತಿತ್ತು. ಅವಳು ದಿನಾ ಎಲ್ಲಕ್ಕಿಂತ ಮೊದಲು ಅಳಿಯನ ಗಂಟು ಹುಡುಕಿ, ಎರಡು ಹಿಡಿ ಸೋಡಾ ಜಾಸ್ತಿ ಹಾಕಿ, ಉಗುರಿನ ಸಂದು ಸುಡುವ ತನಕ ತಿಕ್ಕಿದಳು. ಮೇಷ್ಟ್ರು ಬಿಸಿನೀರಿಗೆ ಬಂದರೆ ಬಾಗಿಲಲ್ಲೇ ಕೊಟ್ಟು ಕಳಿಸಿದಳು. ಹೇಳಿದರೆ ಮಗಳ ಮನೆ ಮುರಿಯುತ್ತದೆ, ಹೇಳದಿದ್ದರೆ ಅಣ್ಣನಿಗಾದದ್ದೇ ಇವನಿಗೂ ಆಗುತ್ತದೆ. ಗುರುವಾರದ ಅಂಗಿಯನ್ನು ಒಗೆಯದೆ ಕಾಗದದಲ್ಲಿ ಸುತ್ತಿಕೊಂಡು ಮೂರು ಗಂಟೆಯ ಹೊತ್ತಿಗೆ ಮಗಳ ಮನೆಯ ಮೆಟ್ಟಿಲು ಹತ್ತಿದಳು.

ಅಳಿಯ ಆಗತಾನೇ ಪಾಳಿಯಿಂದ ಬಂದು ಮೇಜಿನ ಮುಂದೆ ಕೂತಿದ್ದ. ಮಗಳು ಬಟಾಣಿ ಸುಲಿಯುತ್ತಿದ್ದಳು. ಸೋಪಕ್ಕ ಪೊಟ್ಟಣ ಬಿಚ್ಚಿ ಅಂಗಿಯನ್ನು ಮೇಜಿನ ಮೇಲೆ ಹರವಿದಳು.

"ಇದೇನು ಹೇಳಿ."

"ನನ್ನ ಅಂಗಿ. ಯಾಕತ್ತೆ, ಒಗೆಯೋಕೆ ಆಗ್ಲಿಲ್ವಾ?"

"ಮೂರು ದಿನದಿಂದ ಒಗೆದೂ ಒಗೆದೂ ಕೈ ಬೆಂದುಹೋಗಿದೆ. ಇದು ಎಂಟನೇ ಅಂತಸ್ತಿನ ಮಣ್ಣಲ್ಲ. ಹಳಬರ ಸುರಂಗದ್ದು." ಇಷ್ಟು ದಿನ ಅಳಿಯನಿಗೆ 'ನೀವು' ಬಿಟ್ಟು ಬೇರೆ ಆಡದಿದ್ದವಳ ಬಹುವಚನ ಅಲ್ಲಿಗೆ ಬಿದ್ದುಹೋಯಿತು. "ಯಾವಾಗಿಂದ ನುಗ್ತಿದೀಯ ಆ ಬಾಗಿಲಲ್ಲಿ? ಹೆಂಡತಿ ಬಸುರಿ ಅನ್ನೋದಾದ್ರೂ ನೆನಪು ಬೇಡ್ವಾ ನಿನಗೆ?"

"ಅಮ್ಮಾ!" ಎಂದಳು ಮಗಳು.

ಅಳಿಯನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಮುಖ ಕೆಂಪಾಯಿತು. "ನನ್ನನ್ನ ಕಳ್ಳ ಅಂತಿದೀರಾ ಅತ್ತೆ? ಆ ಬಾಗಿಲು ಯಾವ ಕಡೆ ಇದೆ ಅಂತಾನೂ ನನಗೆ ಗೊತ್ತಿಲ್ಲ."

"ಮಣ್ಣು ಸುಳ್ಳು ಹೇಳುತ್ತಾ ಹಾಗಾದ್ರೆ?"

"ಮಣ್ಣು ಎಲ್ಲಿದೆ ನೋಡಿ ಮೊದಲು!" ಅವನು ಎದ್ದು ಅಂಗಿಯನ್ನು ಅವಳ ಮುಖದ ಮುಂದೆ ಹಿಡಿದ. "ಹೆಗಲ ಮೇಲೆ. ಕತ್ತಿನ ಪಟ್ಟಿ ಮೇಲೆ. ತೆವಳಿಕೊಂಡು ಹೋದೋನಾಗಿದ್ರೆ ಮೊಣಕೈಗೆ ಹತ್ತಬೇಕಿತ್ತಲ್ವಾ? ಮಂಡಿಗೆ ಹತ್ತಬೇಕಿತ್ತಲ್ವಾ? ಸೂರಿಂದ ತೊಟ್ಟಿಕ್ಕೋದಕ್ಕೆ ನಾನೇನು ಮಾಡ್ಲಿ?"

ಸೋಪಕ್ಕ ಅಂಗಿಯನ್ನು ಕಸಿದುಕೊಂಡು ಹಿಂದೆ ಮುಂದೆ ತಿರುಗಿಸಿದಳು. ಹೌದು. ತೋಳು, ಮೊಣಕೈ ಬರೀ ಬೂದು. ಹತ್ತೊಂಬತ್ತು ವರ್ಷದ ಅನುಭವ ಎಲ್ಲಿ ಹೋಗಿತ್ತೋ. ಬಣ್ಣ ನೋಡಿ ಬೆಚ್ಚಿದವಳು ಜಾಗ ನೋಡಿರಲಿಲ್ಲ.

"ಸೂರಿಂದ ಹಳದಿ ನೀರು ತೊಟ್ಟಿಕ್ಕುತ್ತಾ?" ಎಂದಳು ಮೆಲ್ಲಗೆ.

"ಬಣ್ಣ ಯಾರಿಗೆ ಕಾಣುತ್ತೆ ಅಲ್ಲಿ? ತಲೆದೀಪದ ಬೆಳಕಲ್ಲಿ ಎಲ್ಲಾ ಹಳದೀನೇ. ಸೋಮವಾರ ನಾಲ್ಕು ಹನಿ ಬೀಳ್ತಿತ್ತು. ಇವತ್ತು ಪೆನ್ಸಿಲ್ ಗಾತ್ರ ಸುರೀತಿದೆ. ಮೇಸ್ತ್ರಿಗೆ ಹೇಳಿದ್ದಕ್ಕೆ, ಗಣಿ ಅಂದ್ಮೇಲೆ ನೀರಿರಲ್ವೇನೋ ಅಂದ್ರು."

ಇಷ್ಟು ಹೇಳುತ್ತಲೇ ಅವನ ದನಿ ನಿಧಾನವಾಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹಳದಿ ಕೆಸರು ಹಳಬರ ಸುರಂಗದಲ್ಲಿ ಮಾತ್ರ ಇರುವುದು. ಅಳಿಯ ಅಲ್ಲಿಗೆ ಹೋಗಿಲ್ಲ ಎಂದಾದರೆ, ಅಂಥ ಸುರಂಗವೇ ಅವನ ತಲೆಯ ಮೇಲಕ್ಕೆ ಬಂದು ನಿಂತಿದೆ. ಸುಮ್ಮನೆ ಬಂದಿಲ್ಲ, ಮುನ್ನೂರು ವರ್ಷದ ನೀರು ತುಂಬಿಕೊಂಡು ಬಂದಿದೆ.

"ಎರಡನೇ ಪಾಳಿ ಕೆಳಗಿದೆ," ಎಂದ ಅಳಿಯ. "ನಾಲ್ಕೂವರೆಗೆ ಸಿಡಿಮದ್ದು ಹಾರಿಸ್ತಾರೆ."

ಅವನು ಬೂಟಿನ ದಾರವನ್ನೂ ಕಟ್ಟಲಿಲ್ಲ. ಇಳಿಜಾರಿನ ಬೀದಿಯಲ್ಲಿ ಅವನು ಮುಂದೆ, ಸೋಪಕ್ಕ ಹಿಂದೆ ಓಡಿದರು. ಅವಳು ನೇರ ಕಚೇರಿಗೆ ಹೋಗದೆ ಲಾಂಡ್ರಿಗೆ ನುಗ್ಗಿದಳು. ಅಳಿಯನ ಜೊತೆಗಾರನದ್ದು ಇನ್ನೂರ ಹದಿನಾಲ್ಕು, ಸಮ ನಂಬರು, ರೇಡಿಯೋ ಪಾಲಿನದು. "ಏನಕ್ಕಾ, ಬೆಂಕಿ ಬಿತ್ತಾ?" ಎಂದು ರೇಡಿಯೋ ಕೇಳುತ್ತಿರುವಾಗಲೇ ರಾಶಿ ಕೆದಕಿ ಆ ಗಂಟು ಎಳೆದು ಬಿಚ್ಚಿದಳು. ಹೆಗಲ ಮೇಲೆ ಅದೇ ಹಳದಿ. "ನಾಲ್ಕು ದಿನದಿಂದ ಹೋಗ್ತಾನೇ ಇಲ್ಲ ಆ ದರಿದ್ರ," ಎಂದಳು ರೇಡಿಯೋ.

ಕಚೇರಿಯಲ್ಲಿ ಕಲ್ಲುಮೇಷ್ಟ್ರು ಅವಳು ತಂದ ಅಂಗಿಯ ಕತ್ತಿನ ಪಟ್ಟಿಯನ್ನು ಬಿಳಿ ಬೋಗುಣಿಯಲ್ಲಿ ಹಿಂಡಿದ. ಕೆಸರನ್ನು ಬೆರಳಲ್ಲಿ ಉಜ್ಜಿದ, ನಾಲಿಗೆಗೆ ಮುಟ್ಟಿಸಿ ಉಗುಳಿದ. ಆಮೇಲೆ ಗೋಡೆಯ ಫೋನಿನ ಹಿಡಿಕೆ ತಿರುಗಿಸಿದ. ಎಂಟನೇ ಅಂತಸ್ತಿನಲ್ಲಿ ಅದನ್ನು ಯಾರೂ ಎತ್ತಲಿಲ್ಲ. ಡ್ರಿಲ್ಲಿನ ಸದ್ದಿನಲ್ಲಿ ಕೇಳುವುದಾದರೂ ಹೇಗೆ? ಅವನು ಮತ್ತೆ ತಿರುಗಿಸಿದ. ಅಳಿಯ ಕಾಯಲಿಲ್ಲ, ಮನೆಬಟ್ಟೆಯಲ್ಲೇ ಓಡಿಹೋಗಿ, ಜನರನ್ನು ಗಣಿಯೊಳಕ್ಕೆ ಇಳಿಸುವ ಕೇಜು ಹತ್ತಿ ಇಳಿದುಬಿಟ್ಟ. ಅವನು ಹೋಗಿ ಮುಟ್ಟುವ ಹೊತ್ತಿಗೆ ಕೆಳಗಿನವರು ರಂಧ್ರಗಳಿಗೆ ಮದ್ದು ತುಂಬುತ್ತಿದ್ದರಂತೆ.

ನಾಲ್ಕೂಕಾಲಿಗೆ ಆ ಪಾಳಿಯ ಇಬ್ಬರು ಮತ್ತು ಅಳಿಯ, ಮೂವರೂ ಮೇಲೆ ಬಂದರು. ಸೋಪಕ್ಕ ಕೇಜು ಬಂದು ನಿಲ್ಲುವ ಶಾಫ್ಟಿನ ಬಾಯಲ್ಲೇ ನಿಂತಿದ್ದಳು. ಅಳಿಯ ಅವಳ ಪಕ್ಕದಲ್ಲೇ ಹಾದುಹೋದ, ಮುಖ ಎತ್ತಿ ನೋಡಲಿಲ್ಲ.

ಮೇಷ್ಟ್ರು ವರದಿ ಬರೆಯಲು ಕೂತು ಕೇಳಿದ, "ಮೊದಲು ಕಂಡದ್ದು ಯಾವತ್ತು ಅಂತ ಬರೀಲಿ?"

"ಸೋಮವಾರ."

ಅವನ ಪೆನ್ನು ನಿಂತಿತು. ಸೋಮವಾರದಿಂದ ಆ ಸುರಂಗದಲ್ಲಿ ಏಳು ಸಲ ಸಿಡಿಮದ್ದು ಹಾರಿತ್ತು. "ನೋಡಮ್ಮ, ಗುರುವಾರ ಅಂತ ಬರೆದ್ರೂ ನಡೆಯುತ್ತೆ. ಯಾರೂ ಕೇಳಲ್ಲ."

"ಸೋಮವಾರ ಅಂತಲೇ ಬರೀರಿ ಸಾರ್. ಯಾಕೆ ಹೇಳಲಿಲ್ಲ ಅಂತ ಕೇಳಿದ್ರೆ, ಅಳಿಯನ್ನ ಕಳ್ಳ ಅಂದ್ಕೊಂಡಿದ್ದೆ ಅಂತಾನೂ ಬರೀರಿ."

ಮುಂದಿನದು ಮೇಷ್ಟ್ರ ಕೆಲಸ. ಸುರಂಗವನ್ನು ಖಾಲಿ ಮಾಡಿಸಿ, ಬಂಡೆಗೆ ಉದ್ದನೆಯ ಸಣ್ಣ ರಂಧ್ರ ಕೊರೆಸಿ, ಅದರ ಬಾಯಿಗೆ ವಾಲ್ವು ಇರುವ ಪೈಪು ಕೂರಿಸಿದ. ಮೂರೂವರೆ ಮೀಟರಿಗೆ ಡ್ರಿಲ್ಲಿನ ಮೊನೆ ಟೊಳ್ಳಿಗೆ ಬಿತ್ತು. ಇನ್ನು ಒಂದೆರಡು ಸಿಡಿತಕ್ಕೆ ಆ ಗೋಡೆ ತಾನಾಗಿಯೇ ಬಾಯಿಬಿಡುತ್ತಿತ್ತು. ಪೈಪಿನಿಂದ ಹಳದಿ ನೀರು ನುಗ್ಗಿದ ರಭಸ ನೋಡಿ, ಒಳಗೆ ನೂರ ಇಪ್ಪತ್ತು ಮೀಟರಿನಷ್ಟು ಎತ್ತರಕ್ಕೆ ನೀರು ನಿಂತಿದೆ ಎಂದು ಲೆಕ್ಕ ಹಾಕಿದ. ಕಾಗದದಲ್ಲಿ ಬರೆದಂತೆ ಹಳಬರು ನಾಲ್ಕನೇ ಅಂತಸ್ತಿಗೆ ನಿಂತಿರಲಿಲ್ಲ. ಅವರಲ್ಲೇ ಯಾರೋ ಪಕ್ಕದ ಎಳೆ ಹಿಡಿದು ಎಂಟರವರೆಗೂ ಇಳಿದಿದ್ದರು, ಒಂದು ಗೆರೆಯನ್ನೂ ಬರೆದಿಡದೆ. ವಾಲ್ವನ್ನು ಹಿಡಿದು ಹಿಡಿದು ಬಿಟ್ಟು, ಆ ನೀರು ಖಾಲಿಯಾಗಲು ಏಳು ವಾರ ಹಿಡಿಯಿತು.

ಗಣಿಯ ತುಂಬ ಸೋಪಕ್ಕನ ಮಾತೇ ಮಾತು. ಮ್ಯಾನೇಜರು ಎಲ್ಲರ ಮುಂದೆ ಅವಳ ಕೈ ಕುಲುಕಿದರು. ಆದರೆ ಆ ಮಾತಿನ ಬಾಲವಾಗಿ, ಅವಳು ಅಳಿಯನನ್ನು ಕಳ್ಳ ಎಂದದ್ದೂ ಹರಡಿತು. ಕೇಜಿನಲ್ಲಿ ಜೊತೆಯವರು ಅಳಿಯನನ್ನು "ಏನಪ್ಪಾ ಕಳ್ಳ, ಅತ್ತೆ ಜೇಬು ತಡಕಿದ್ರಾ ಇವತ್ತು?" ಎಂದು ಕಾಡಿಸತೊಡಗಿದರು. ಇನ್ನೊಬ್ಬನಾಗಿದ್ದರೆ ನಕ್ಕು ಬಿಡುತ್ತಿದ್ದನೇನೋ. ಅವನು ಆಫೀಸಿಗೆ ಹೋಗಿ ಅರ್ಜಿ ಕೊಟ್ಟು ನಂಬರು ಬದಲಿಸಿಕೊಂಡ. ಇನ್ನೂರ ಹದಿಮೂರು ಹೋಗಿ ಮುನ್ನೂರ ಎರಡಾಯಿತು. ಅವನ ಬಟ್ಟೆ ರೇಡಿಯೋ ರಾಶಿಗೆ ಬಿತ್ತು. ಮೊದಲ ದಿನ ರೇಡಿಯೋ ಕೂಡ ಏನೂ ಮಾತಾಡಲಿಲ್ಲ.

ಸೋಪಕ್ಕ ಮಗಳ ಮನೆಗೆ ಹೋದರೆ ಅಳಿಯ ಎದ್ದು ಹೊರಗೆ ಹೋಗುತ್ತಿದ್ದ. "ಬಿಡಮ್ಮ, ಸ್ವಲ್ಪ ದಿನ ಬರಬೇಡ," ಎಂದಳು ಮಗಳು. ಸೋಪಕ್ಕ ಹೋಗುವುದನ್ನು ಬಿಟ್ಟಳು. ಮೊಮ್ಮಗಳು ಹುಟ್ಟಿದ ಸುದ್ದಿ ಅವಳಿಗೆ ಮುಟ್ಟಿದ್ದು ಪಕ್ಕದ ಮನೆಯವರಿಂದ. ಆಸ್ಪತ್ರೆಗೆ ಹೋಗಿ, ಅಳಿಯ ಇಲ್ಲದ ಹೊತ್ತು ನೋಡಿ, ಮಗುವನ್ನು ಎತ್ತಿಕೊಂಡು, ಅವನು ಬರುವ ಮೊದಲೇ ಹೊರಟುಬಂದಳು.

ನೀರು ಬತ್ತಿ ಇನ್ನೆರಡು ತಿಂಗಳಾದ ಮೇಲೆ, ಒಳಗೆ ಸಿಕ್ಕಿದ್ದನ್ನು ಅವಳೂ ನೋಡಬೇಕು ಎಂದು ಮೇಷ್ಟ್ರು ಹಟ ಹಿಡಿದ. ಹೆಂಗಸರನ್ನು ಕೆಳಗೆ ಬಿಡುವ ನಿಯಮವಿಲ್ಲ ಎಂದ ಮೇಸ್ತ್ರಿಯನ್ನು, "ಇವತ್ತಿಗೆ ಅವಳು ಗಂಡಸು ಅಂತ ಬರ್ಕೊಳ್ಳಿ" ಎಂದು ಸುಮ್ಮನಾಗಿಸಿದ. ದಾರಿ ಗೊತ್ತಿದ್ದವನೆಂದು ಜೊತೆಗೆ ಕಳಿಸಿದ್ದು ಅಳಿಯನನ್ನೇ. ಬೇಕೆಂದೇ ಕಳಿಸಿದನೋ ಏನೋ, ಕೇಳಿದರೆ ಮೇಷ್ಟ್ರು ಬಾಯಿ ಬಿಡಲಿಲ್ಲ.

ಕೇಜು ಇಳಿಯುವಾಗ ಸೋಪಕ್ಕ ಕಣ್ಣು ಮುಚ್ಚಿಕೊಂಡಳು. ಎಂಟನೇ ಅಂತಸ್ತಿನಲ್ಲಿ ಅಳಿಯ ಮುಂದೆ ನಡೆದ, ಅವಳು ಅವನ ಬೂಟು ನೋಡುತ್ತ ಹಿಂದೆ. ಗೋಡೆಯ ಬೂದು ಮಣ್ಣನ್ನು ಮುಟ್ಟಿ ನೋಡಿದಳು, ಗುರುತಿನವರನ್ನು ಕಂಡ ಹಾಗಾಯಿತು. ಸುರಂಗದ ತುದಿಯಲ್ಲಿ ಬಂಡೆಗೆ ತೂತು. ಅದರಾಚೆ ಹಳಬರ ಜಾಗಕ್ಕೆ ಹದಿನಾರು ಮೆಟ್ಟಿಲಿನ ಕಬ್ಬಿಣದ ಏಣಿ ಹತ್ತಬೇಕು. ಅಳಿಯ ಅವಳನ್ನು ಮುಂದೆ ಬಿಟ್ಟ. ನಾಲ್ಕು ಮೆಟ್ಟಿಲು ಹತ್ತಿದವಳ ಕೈಕಾಲು ಮರಗಟ್ಟಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

"ನನ್ನಿಂದ ಆಗಲ್ಲ," ಎಂದಳು. ಯಾರಿಗೆ ಎಂದು ಹೇಳಲಿಲ್ಲ.

ಕೆಳಗಿನಿಂದ ಒಂದು ಕೈ ಬಂದು ಅವಳ ಬೂಟನ್ನು ಹಿಡಿದು ಮುಂದಿನ ಮೆಟ್ಟಿಲ ಮೇಲೆ ಇಟ್ಟಿತು. "ಕಾಲು ಇಲ್ಲಿ ಅತ್ತೆ. ಇನ್ನೊಂದು ಇಲ್ಲಿ. ಕೆಳಗೆ ನೋಡಬೇಡಿ." ಹೀಗೇ ಒಂದೊಂದೇ ಮೆಟ್ಟಿಲು, ಉಳಿದ ಹನ್ನೆರಡೂ.

ಮೇಲೆ ನಿಂತು ಅವನು ದೀಪ ಹಿಡಿದ. ಗೋಡೆಗಳು ಮಡಕೆಯ ಒಳಮೈಯಂತೆ ನುಣುಪಾಗಿದ್ದವು. ಮದ್ದು ಇಲ್ಲದ ಕಾಲದಲ್ಲಿ ಹಳಬರು ಬಂಡೆಗೆ ಬೆಂಕಿ ಹಚ್ಚಿ, ಕಾಯಿಸಿ ಬಿರುಕು ಬಿಡಿಸುತ್ತಿದ್ದರಂತೆ. ದೀಪ ಇಡಲು ಕೊರೆದ ಗೂಡುಗಳಲ್ಲಿ ಮಸಿ ಹಾಗೇ ಇತ್ತು. ನೀರೆತ್ತುವ ಮರದ ಚಕ್ರವೊಂದು ಅರ್ಧ ಕೆಸರಲ್ಲಿ ಹೂತು ನಿಂತಿತ್ತು, ಹಲ್ಲುಗಳು ಕೂಡ ಮುರಿದಿರಲಿಲ್ಲ. ಅದರ ಪಕ್ಕದಲ್ಲಿ ಒಂದು ಚರ್ಮದ ಮೆಟ್ಟು, ಒಂಟಿ.

"ಪಾದ ಸಣ್ಣದು," ಎಂದಳು ಸೋಪಕ್ಕ.

"ಹೂಂ. ಮೇಷ್ಟ್ರೂ ಅದನ್ನೇ ಅಂದ್ರು. ಹೆಂಗಸಿನದ್ದಿರಬಹುದಂತೆ."

ಸೋಪಕ್ಕ ಅದನ್ನೇ ನೋಡುತ್ತ ನಿಂತಳು. ಆಮೇಲೆ, "ತಪ್ಪು ನನ್ನದು ಕಣಪ್ಪ," ಎಂದಳು. "ನಿಮ್ಮನ್ನ ಬಾಯ್ಬಿಟ್ಟು ಒಂದು ಮಾತು ಕೇಳಬಹುದಿತ್ತು ಸೋಮವಾರವೇ. ಕೇಳಲಿಲ್ಲ."

"ಬೇಜಾರಾಗಿದ್ದು ನೀವು ಕಳ್ಳ ಅಂದಿದ್ದಕ್ಕಲ್ಲ," ಎಂದ ಅಳಿಯ. "ಕಳ್ಳ ಅಂದ್ಕೊಂಡೂ ಮೂರು ದಿನ ಒಗೆದು ಒಗೆದು ಮುಚ್ಚಿಟ್ರಲ್ಲ. ಅದಕ್ಕೆ ಬೈಯೋದೋ, ಏನು ಮಾಡೋದೋ ನನಗೆ ತೋಚಲಿಲ್ಲ." "ಮಗು ರಾತ್ರಿಯೆಲ್ಲ ಅಳುತ್ತೆ. ಅವಳಿಗೂ ನಿದ್ದೆ ಇಲ್ಲ. ಬಂದು ಹೋಗ್ತಿರಿ," ಎಂದ.

ಅವತ್ತು ಸಂಜೆಯೇ ಹೋದಳು.

ಗಣಿ ಅದಾದ ಮೇಲೆ ಒಂಬತ್ತು ವರ್ಷ ನಡೆಯಿತು. ಎಳೆ ತೆಳುವಾಗುತ್ತ ಹೋಗಿ, ಹನ್ನೆರಡನೇ ಅಂತಸ್ತಿನಲ್ಲಿ ನೂಲಿನಷ್ಟಾಗಿ, ಕಲ್ಲಲ್ಲೇ ಕಳೆದುಹೋಯಿತು. ಪಂಪು ನಿಲ್ಲಿಸಿದ ಹದಿನಾಲ್ಕು ತಿಂಗಳಿಗೆ ನೀರು ನಾಲ್ಕನೇ ಅಂತಸ್ತು ಮುಟ್ಟಿತು. ಕಲ್ಲುಮೇಷ್ಟ್ರು ಬೇರೆ ಕೆಲಸ ಹಿಡಿದು ಹೋದ. ರೇಡಿಯೋ ಮಗನ ಜೊತೆ ಇರಲು ಹೋದಳು. ಅಳಿಯನಿಗೆ ರೈಲು ಸುರಂಗ ತೋಡುವ ಕಡೆ ಕೆಲಸ ಸಿಕ್ಕಿತು, ಈಗ ಮೂರು ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಸೋಪಕ್ಕ ಆಸ್ಪತ್ರೆಯ ಲಾಂಡ್ರಿ ಸೇರಿ, ಅಲ್ಲಿ ಆರು ವರ್ಷ ಹಾಸಿಗೆ ಬಟ್ಟೆ ಒಗೆದಳು. ಮಂಡಿ ಕೈಕೊಟ್ಟ ಮೇಲೆ ಕೆಲಸ ಬಿಟ್ಟು ಮಗಳ ಮನೆಯಲ್ಲಿದ್ದಾಳೆ. ಅಳಿಯ ಮನೆಯಲ್ಲಿದ್ದ ದಿನ ಕಿಟಕಿಯ ವಿಷಯಕ್ಕೆ ಇಬ್ಬರಿಗೂ ಜಗಳ. ಅವನಿಗೆ ಗಾಳಿ ಬೇಕು, ಅವಳಿಗೆ ಚಳಿ. ಮೊಮ್ಮಗಳು ಎದ್ದು ಹೋಗಿ ಅರ್ಧ ತೆಗೆದು ಅರ್ಧ ಮುಚ್ಚಿ ಬರುತ್ತಾಳೆ.